ವಿದ್ಯುಚ್ಛಕ್ತಿಯ ಲಾರಿಗಳೂ ನಮ್ಮ ಹುಟ್ಟುವಳಿಯ ಸಾಗಾಟವೂ

ಗ್ರಾಮಗಳ ಯಜಮಾನರೂ ಜಮೀನುದಾರರೂ ಆದ ಮಹನೀಯರು ಅನೇಕರು ಈಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ. “ಮನೆಯಲ್ಲಿರುವ ಹಳೆಯ ಡೀಸೆಲ್ ಲಾರಿಯನ್ನು ಮಾರಿ ವಿದ್ಯುಚ್ಛಕ್ತಿಯಿಂದ ಓಡುವ ಲಾರಿಯನ್ನು ಕೊಳ್ಳಬಹುದೇ? ಅದಕ್ಕೆ ಸರ್ಕಾರದವರು ಲಕ್ಷಗಟ್ಟಲೆ ಹಣ ಕೊಡುತ್ತಾರಂತೆ, ನಿಜವೇ?” ಎಂಬುದೇ ಆ ಪ್ರಶ್ನೆ. ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು ಎನ್ನುವಂಥ ಪ್ರಶ್ನೆಯಿದು. ಸಂತೆಯ ದಿನ ಮರದ ನೆರಳಿನಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸುವುದಕ್ಕಿಂತ ಪತ್ರಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದು ಮೇಲೆಂದು ತೋರಿದ್ದರಿಂದ ಈ ಲೇಖನವನ್ನು ಬರೆದಿದ್ದೇನೆ. ಇದರಲ್ಲಿರುವ ಅಭಿಪ್ರಾಯಗಳು ನನ್ನವು. ಬಲ್ಲವರು ತಿದ್ದಿದರೆ ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ.

ವಿದ್ಯುಚ್ಛಕ್ತಿಯು ನಮ್ಮ ನಾಡಿಗೆ ಹೊಸತಲ್ಲ. ಶಿವಸಮುದ್ರದ ನೀರಿನಿಂದ ಹುಟ್ಟಿದ ಶಕ್ತಿಯನ್ನು ೧೯೦೨ರಲ್ಲಿಯೇ ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿದವು. ವಿದ್ಯುಚ್ಛಕ್ತಿಯ ಸರಕುಗಾಡಿಯೂ ಸಹ ಹೊಸದೆಂದು ಹೇಳುವಂತಿಲ್ಲ. ನೂರು ವರ್ಷಗಳಿಗಿಂತ ಹಿಂದೆಯೇ ಅಮೆರಿಕದ ಪಟ್ಟಣಗಳಲ್ಲಿ ಇಂಥ ಗಾಡಿಗಳು ಅಂಗಡಿಗಳಿಗೆ ಸಾಮಾನು ಮುಟ್ಟಿಸುತ್ತಿದ್ದವು. ಇಂಗ್ಲೆಂಡಿನಲ್ಲಿ ಎರಡನೆಯ ಮಹಾಯುದ್ಧವಾದ ಮೇಲೆ ಬಹುಕಾಲ ಮನೆಮನೆಗೆ ಹಾಲು ಹಂಚಿದ್ದು ಬ್ಯಾಟರಿಯ ಗಾಡಿಗಳೇ. ಅವು ನಿಧಾನವಾಗಿ ಹೋಗುತ್ತಿದ್ದವು, ದೂರ ಹೋಗುತ್ತಿರಲಿಲ್ಲ. ಆದರೆ ದಿನವೂ ಅದೇ ಬೀದಿ, ಅದೇ ಹೊತ್ತು, ಕೆಲಸ ಮುಗಿದೊಡನೆ ಅದೇ ಕೊಟ್ಟಿಗೆ. ಈ ಹಾಲಿನ ಗಾಡಿಯ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕೆಂದು ಕೋರುತ್ತೇನೆ. ನಾನು ಮುಂದೆ ಹೇಳಬೇಕೆಂದಿರುವುದರಲ್ಲಿ ಹೆಚ್ಚುಭಾಗ ಅದರಲ್ಲಿಯೇ ಅಡಗಿದೆ.

ಮೊದಲು ಯಂತ್ರದ ಸ್ವಭಾವವನ್ನು ತಿಳಿಯೋಣ. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು ೧೦ ಯೂನಿಟ್ಟುಗಳಷ್ಟು ಶಕ್ತಿಯುಂಟು. ಅದನ್ನು ಎಂಜಿನ್ನಿನಲ್ಲಿ ಸುಟ್ಟಾಗ ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಚಕ್ರವನ್ನು ತಿರುಗಿಸುವುದಕ್ಕೆ ಒದಗುತ್ತದೆ; ಮಿಕ್ಕದ್ದು ಬಿಸಿಯಾಗಿಯೂ ಹೊಗೆಯಾಗಿಯೂ ಹೋಗುತ್ತದೆ. ಬ್ಯಾಟರಿಯಲ್ಲಿ ತುಂಬಿದ ವಿದ್ಯುಚ್ಛಕ್ತಿಯಲ್ಲಾದರೋ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಚಕ್ರಕ್ಕೆ ಮುಟ್ಟುತ್ತದೆ. ಎಂಜಿನ್ ಎಣ್ಣೆಯಿಲ್ಲ, ಕ್ಲಚ್ಚಿಲ್ಲ, ನಿಂತಿರುವಾಗ ಖರ್ಚಿಲ್ಲವೆಂದೇ ಹೇಳಬಹುದು. ಇಷ್ಟೆಲ್ಲ ಗುಣಗಳಿಗೆ ಎದುರಾಗಿ ಎರಡು ದೋಷಗಳಿವೆ: ಬೆಲೆ ಮತ್ತು ತೂಕ. ಒಂದು ಯೂನಿಟ್ ಶಕ್ತಿಯನ್ನು ಹೊತ್ತುಕೊಂಡು ಹೋಗುವುದಕ್ಕೆ ಬ್ಯಾಟರಿಯು ಸುಮಾರು ೬-೭ ಕಿಲೋಗ್ರಾಂ ತೂಗುತ್ತದೆ. ದೊಡ್ಡ ಲಾರಿಯೊಂದು ಹೊರೆ ಹೊತ್ತು ಒಂದು ಕಿಲೋಮೀಟರ್ ಓಡುವುದಕ್ಕೆ ೧ರಿಂದ ೧½ ಯೂನಿಟ್ ಬೇಕಾಗುವುದರಿಂದ ೩೦೦ ಯೂನಿಟ್ಟಿನ ಬ್ಯಾಟರಿಯನ್ನಿಟ್ಟರೆ ೨೦೦ರಿಂದ ೩೦೦ ಕಿಲೋಮೀಟರ್ ಹೋಗಬಹುದು. ಆದರೆ ಆ ಬ್ಯಾಟರಿಯೇ ಎರಡು ಟನ್ನಿನಷ್ಟಾಗುತ್ತದೆ. ಕೋಲಾರದಿಂದ ದೆಹಲಿಗೆ ಟೊಮ್ಯಾಟೊ ತುಂಬಿಕೊಂಡು ಹೋಗುವ ಲಾರಿಗೆ ಇದು ಒಗ್ಗುವುದಿಲ್ಲವೆಂಬುದನ್ನು ವಿವರಿಸಬೇಕಾದ್ದಿಲ್ಲ.

ಇನ್ನು ಸರ್ಕಾರದ ಸಹಾಯದ ವಿಷಯ. ಕೇಂದ್ರ ಸರ್ಕಾರದವರು ೨೦೨೪ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಪಿ.ಎಂ. ಇ-ಡ್ರೈವ್ ಎಂಬ ಯೋಜನೆಗೆ ೧೦,೯೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಿ, ಅದರಲ್ಲಿ ೫೦೦ ಕೋಟಿಯನ್ನು ಲಾರಿಗಳಿಗಾಗಿ ತೆಗೆದಿರಿಸಿದರು. ಲಾರಿಗಳ ನಿಬಂಧನೆಗಳು ಹೊರಬಿದ್ದದ್ದು ೨೦೨೫ರ ಜುಲೈ ತಿಂಗಳಿನಲ್ಲಿ. ಅವುಗಳಂತೆ ಒಂದು ಲಾರಿಗೆ ಹೆಚ್ಚೆಂದರೆ ೯ ಲಕ್ಷ ೬೦ ಸಾವಿರ ರೂಪಾಯಿಗಳ ರಿಯಾಯಿತಿ ದೊರೆಯುತ್ತದೆ. ಆದರೆ ಇಲ್ಲಿ ಮೂರು ಮಾತುಗಳನ್ನು ಗಮನಿಸತಕ್ಕದ್ದು. ಹೊರೆಸಹಿತ ತೂಕವು ೩½ ಟನ್ನಿಗೆ ಮೇಲ್ಪಟ್ಟು ೫೫ ಟನ್ನಿನ ವರೆಗಿನ ಲಾರಿಗಳಿಗೆ ಮಾತ್ರ ಈ ಸಹಾಯವುಂಟು. ಅದಕ್ಕಿಂತ ಚಿಕ್ಕದಾದ ನಾಲ್ಕು ಚಕ್ರದ ಸರಕುಗಾಡಿಗೆ ಇಲ್ಲ. ಇಡೀ ದೇಶಕ್ಕೆ ಸೇರಿ ಸುಮಾರು ೫,೬೦೦ ಲಾರಿಗಳಿಗಷ್ಟೇ ಹಣ ಸಾಕಾಗುವುದು. ಮೂರನೆಯದಾಗಿ, ಹಳೆಯ ಲಾರಿಯನ್ನು ಮಾರಿದರೆ ನಡೆಯದು. ಒಪ್ಪಿಗೆ ಪಡೆದ ಕಾರ್ಖಾನೆಯಲ್ಲಿ ಹಳೆಯ ಡೀಸೆಲ್ ಲಾರಿಯೊಂದನ್ನು ಮುರಿಸಿದ್ದಕ್ಕೆ ಪ್ರಮಾಣಪತ್ರವನ್ನು ಹಾಜರುಪಡಿಸಬೇಕು. ಹೀಗಿರುವುದರಿಂದ “ಮಾರಿ ಕೊಳ್ಳಬಹುದೇ” ಎಂದು ಕೇಳಿದವರ ಲೆಕ್ಕವು ಮೊದಲ ಹೆಜ್ಜೆಯಲ್ಲಿಯೇ ಮುಗ್ಗರಿಸುತ್ತದೆ. ಓಡುವ ಲಾರಿಯನ್ನು ಮಾರಿದರೆ ಬರುವ ಹಣಕ್ಕೂ, ಕಬ್ಬಿಣದ ತೂಕಕ್ಕೆ ಕೊಟ್ಟರೆ ಬರುವ ಹಣಕ್ಕೂ ಇರುವ ಅಂತರವನ್ನು ರಿಯಾಯಿತಿಯಿಂದ ಕಳೆದು ನೋಡಬೇಕು. ಇಷ್ಟಾಗಿಯೂ ಭಾರಿ ವಿದ್ಯುತ್ ಲಾರಿಯ ಬೆಲೆಯು ಅದೇ ಅಳತೆಯ ಡೀಸೆಲ್ ಲಾರಿಯ ಬೆಲೆಯ ಎರಡು ಮೂರು ಪಟ್ಟಿನಷ್ಟಿರುತ್ತದೆ.

ಗ್ರಾಮಾಂತರಕ್ಕೆ ಹೆಚ್ಚು ಉಪಯೋಗಕ್ಕೆ ಬರುವ ಚಿಕ್ಕ ನಾಲ್ಕು ಚಕ್ರದ ಗಾಡಿಯನ್ನು ಈ ಯೋಜನೆಯಿಂದ ಹೊರಗಿಟ್ಟದ್ದು ಸರಿಯಲ್ಲವೆಂದು ನನಗೆ ಅನ್ನಿಸುತ್ತದೆ. ದೊಡ್ಡ ಲಾರಿಗಳ ಹೊಗೆಯೇ ದೊಡ್ಡದೆಂಬ ಕಾರಣವನ್ನು ನಾನು ಬಲ್ಲೆ, ಅದು ಸುಳ್ಳೂ ಅಲ್ಲ. ಆದರೂ ಸಹಾಯವು ಸಿಮೆಂಟು, ಉಕ್ಕು, ಬಂದರುಗಳ ಕಡೆಗೆ ಹರಿಯುವಷ್ಟು ಸೊಪ್ಪು ತರಕಾರಿಗಳ ಕಡೆಗೆ ಹರಿಯುವುದಿಲ್ಲ.

ಭಾರಿ ಲಾರಿಯನ್ನು ಹಳ್ಳಿಯಲ್ಲಿ ಇಟ್ಟುಕೊಳ್ಳುವುದಕ್ಕೆ ಮತ್ತೊಂದು ಅಡ್ಡಿಯುಂಟು. ೩೦೦ ಯೂನಿಟ್ಟಿನ ಬ್ಯಾಟರಿಯನ್ನು ಮೂರು ಗಂಟೆಗಳಲ್ಲಿ ತುಂಬಬೇಕಾದರೆ ೧೦೦ ಕಿಲೋವಾಟ್ ಬೇಕು. ೧೦ ಅಶ್ವಶಕ್ತಿಯ ಪಂಪುಸೆಟ್ಟೊಂದು ಎಳೆಯುವುದು ಸುಮಾರು ೭½ ಕಿಲೋವಾಟ್. ಎಂದರೆ, ಲಾರಿಯೊಂದು ನಿಂತು ಶಕ್ತಿ ತುಂಬಿಸಿಕೊಳ್ಳುವಾಗ ಅಂಥ ಹದಿಮೂರು ಪಂಪುಗಳು ಒಟ್ಟಿಗೆ ಓಡಿದಂತಾಯಿತು. ಊರ ಹೊರಗೆ ಕಂಬದ ಮೇಲೆ ಕುಳಿತಿರುವ ನಮ್ಮ ಟ್ರಾನ್ಸ್‌ಫಾರ್ಮರುಗಳು ೬೩ ಕೆ.ವಿ.ಎ.ಯವೋ ೧೦೦ ಕೆ.ವಿ.ಎ.ಯವೋ ಆಗಿರುತ್ತವೆ, ಬೇಸಗೆಯಲ್ಲಿ ಅವು ಈಗಿರುವ ಹೊರೆಗೇ ಸುಟ್ಟುಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ಒಬ್ಬರ ಲಾರಿಗಾಗಿ ಹತ್ತು ಮನೆಯವರ ತೋಟ ಒಣಗಿದರೆ ನ್ಯಾಯ ಹೇಳಬೇಕಾಗಿ ಬರುವುದು ಯಜಮಾನರಿಗೇ. ಆದಕಾರಣ ದೊಡ್ಡ ಲಾರಿಯನ್ನು ಸಾಲ ಮಾಡಿ ಕೊಳ್ಳುವ ಯೋಚನೆಯನ್ನು ಸದ್ಯಕ್ಕೆ ಕೈಬಿಡುವುದು ಲೇಸೆಂದು ನನ್ನ ಸ್ಪಷ್ಟವಾದ ಅಭಿಪ್ರಾಯ. ಚೀಣಾ ದೇಶದಲ್ಲಿ ೨೦೨೪ರಲ್ಲಿ ಮಾರಾಟವಾದ ಹೊಸ ಭಾರಿ ಲಾರಿಗಳಲ್ಲಿ ಹತ್ತರಲ್ಲೊಂದಕ್ಕಿಂತ ಹೆಚ್ಚು ಇಂಥವೇ ಆಗಿದ್ದವೆಂದು ಕೆಲವರು ಎತ್ತಿ ತೋರಿಸುವುದುಂಟು. ಅದು ದಿಟ. ಆದರೆ ಅವುಗಳಲ್ಲಿ ಬಹುಪಾಲು ಗಣಿ, ಬಂದರು, ಉಕ್ಕಿನ ಕಾರ್ಖಾನೆಗಳ ಸುತ್ತಮುತ್ತ ಗೊತ್ತಾದ ದಾರಿಯಲ್ಲಿ ಓಡಾಡುವಂಥವು. ಅಲ್ಲಿ ಬರಿದಾದ ಬ್ಯಾಟರಿಯನ್ನು ಬಿಚ್ಚಿ ತುಂಬಿದ್ದನ್ನು ಕೂಡಿಸಿ ಕಳುಹಿಸುವ ಠಾಣೆಗಳನ್ನು ಮೊದಲು ಕಟ್ಟಿಕೊಂಡರು. ಠಾಣೆ ಮೊದಲು, ಲಾರಿ ಆಮೇಲೆ.

ಚಿಕ್ಕ ಗಾಡಿಯ ಲೆಕ್ಕವೇ ಬೇರೆ. ಟಾಟಾದವರು ೨೦೨೫ರ ಜೂನಿನಲ್ಲಿ ಮಾರುಕಟ್ಟೆಗೆ ತಂದ ಏಸ್ ಪ್ರೊ ಎಂಬ ಮುಕ್ಕಾಲು ಟನ್ ಹೊರುವ ಗಾಡಿಯನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳುತ್ತೇನೆ. ಪೆಟ್ರೋಲಿನದೂ ವಿದ್ಯುತ್ತಿನದೂ ಒಂದೇ ಕಾಲದಲ್ಲಿ ಬಂದದ್ದರಿಂದ ಹೋಲಿಸುವುದಕ್ಕೆ ಸುಲಭವೆಂಬುದಷ್ಟೇ ಇದಕ್ಕೆ ಕಾರಣ. ಬಂದಾಗಿನ ಬೆಲೆ ಪೆಟ್ರೋಲಿನದಕ್ಕೆ ೩ ಲಕ್ಷ ೯೯ ಸಾವಿರ, ವಿದ್ಯುತ್ತಿನದಕ್ಕೆ ೬ ಲಕ್ಷ ೫೦ ಸಾವಿರ. ವ್ಯತ್ಯಾಸ ೨½ ಲಕ್ಷಕ್ಕೆ ಒಂದು ಸಾವಿರ ಹೆಚ್ಚು. ಪೆಟ್ರೋಲು ಲೀಟರಿಗೆ ೧೦೦ ರೂಪಾಯಿ, ಗಾಡಿಯು ಲೀಟರಿಗೆ ೧೮ ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ೫½ ರೂಪಾಯಿ ಬೀಳುತ್ತದೆ. ಯೂನಿಟ್ಟಿಗೆ ೭ ರೂಪಾಯಿ ಎಂದು ಧಾರಾಳವಾಗಿಯೇ ಇಟ್ಟುಕೊಂಡರೂ ವಿದ್ಯುತ್ತಿನದಕ್ಕೆ ೧½ ರೂಪಾಯಿ ಮೀರದು. ಉಳಿತಾಯ ಕಿಲೋಮೀಟರಿಗೆ ೪ ರೂಪಾಯಿ. ದಿನಕ್ಕೆ ೮೦ ಕಿಲೋಮೀಟರಿನಂತೆ ವರ್ಷಕ್ಕೆ ೩೦೦ ದಿನ ಓಡಿದರೆ ೯೬ ಸಾವಿರ ರೂಪಾಯಿ ಉಳಿದು, ಬಡ್ಡಿಯನ್ನು ಬಿಟ್ಟು ನೋಡಿದರೆ, ಹೆಚ್ಚಿಗೆ ಕೊಟ್ಟ ಬೆಲೆಯು ಮೂರು ವರ್ಷದೊಳಗಾಗಿ ಕೈಸೇರುತ್ತದೆ. ದಿನಕ್ಕೆ ೨೦ ಕಿಲೋಮೀಟರ್ ಮಾತ್ರ ಓಡಿದರೆ ೨೪ ಸಾವಿರವಷ್ಟೇ ಉಳಿದು ಹತ್ತು ವರ್ಷವಾದರೂ ಸಾಲದು.

ನಮ್ಮ ಜಮೀನುದಾರರ ಅಭ್ಯಾಸಕ್ಕೂ ಈ ಲೆಕ್ಕಕ್ಕೂ ಹೊಂದಿಕೆಯಾಗದಿರುವುದು ಇಲ್ಲಿಯೇ. ಟ್ರಾಕ್ಟರನ್ನು ಕೊಂಡು ತನ್ನ ಹೊಲಕ್ಕೆ ಇಪ್ಪತ್ತು ದಿನ ಉಪಯೋಗಿಸಿ ಮಿಕ್ಕ ದಿನಗಳಲ್ಲಿ ಜಗುಲಿಯ ಮುಂದೆ ನಿಲ್ಲಿಸಿಕೊಳ್ಳುವುದು ನಮ್ಮಲ್ಲಿ ಗೌರವದ ಸಂಗತಿಯೆನ್ನಿಸಿಕೊಂಡಿದೆ. ಡೀಸೆಲ್ ಗಾಡಿಯಲ್ಲಿ ಖರ್ಚೆಲ್ಲ ಓಡಿದಾಗ ಬರುವುದರಿಂದ ನಿಂತಿದ್ದರೆ ಅಷ್ಟು ನಷ್ಟವಿಲ್ಲ. ವಿದ್ಯುತ್ತಿನ ಗಾಡಿಯಲ್ಲಿ ಖರ್ಚೆಲ್ಲ ಮೊದಲೇ ಆಗಿಬಿಟ್ಟಿರುತ್ತದೆ. ಅದು ಓಡಿದಷ್ಟೂ ಲಾಭ, ನಿಂತಷ್ಟೂ ನಷ್ಟ. ಒಬ್ಬರ ಬೆಳೆ ಅದಕ್ಕೆ ವರ್ಷವೆಲ್ಲ ಕೆಲಸ ಕೊಡಲಾರದು. ನಾಲ್ಕು ಮಂದಿ ಬೆಳೆಗಾರರು ಕೂಡಿಯೋ, ಹಾಲಿನ ಸಂಘದ ಹೆಸರಿನಲ್ಲಿಯೋ, ಇಲ್ಲವೆ ರೈತ ಉತ್ಪಾದಕರ ಕಂಪೆನಿಯ ಹೆಸರಿನಲ್ಲಿಯೋ ಇಟ್ಟುಕೊಂಡರೆ ಮಾತ್ರ ೮೦ ಕಿಲೋಮೀಟರಿನ ಲೆಕ್ಕವು ಕೂಡಿಬರುತ್ತದೆ.

ಹಾಲಿನ ದಾರಿಯು ಇದಕ್ಕೆ ಹೇಳಿಮಾಡಿಸಿದಂಥದು. ಬೆಳಗ್ಗೆ ಒಂದು ಸಾರಿ, ಸಂಜೆ ಒಂದು ಸಾರಿ, ಗೊತ್ತಾದ ಊರುಗಳು, ಶೀತಲ ಕೇಂದ್ರದಲ್ಲಿ ನಿಲ್ಲುವ ಗೊತ್ತಾದ ಹೊತ್ತು. ಹಬ್ಬವೆಂದು ಹಸು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ವರ್ಷಕ್ಕೆ ೩೦೦ ದಿನವಲ್ಲ, ೩೬೫ ದಿನವೂ ಓಟವುಂಟು. ಕಬ್ಬಿನ ವಿಷಯದಲ್ಲಿ ನನಗೆ ಎರಡು ಮನಸ್ಸು. ೧೯೩೩ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪೆನಿಯ ಕಾಲದಿಂದಲೂ ಮಂಡ್ಯದ ಕಡೆಯಲ್ಲಿ ಹೊಲದಿಂದ ಕಾರ್ಖಾನೆಗೆ ಕಬ್ಬು ಸಾಗುವ ದಾರಿ ಹತ್ತಿಪ್ಪತ್ತು ಮೈಲಿಗಳದ್ದು; ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಗಂಟೆಗಟ್ಟಲೆ ಕಾಯುವಾಗ, ತೆವಳಿ ತೆವಳಿ ಮುಂದೆ ಸರಿಯುವಾಗ, ಡೀಸೆಲಿನಂತೆ ವಿದ್ಯುತ್ತು ಉರಿದುಹೋಗುವುದಿಲ್ಲ. ಆದರೆ ಕಬ್ಬು ಅರೆಯುವುದು ವರ್ಷದಲ್ಲಿ ಐದಾರು ತಿಂಗಳು. ಮಿಕ್ಕ ತಿಂಗಳುಗಳಲ್ಲಿ ಆ ಲಾರಿಗೆ ಏನು ಕೆಲಸ ಕೊಡುವಿರೆಂಬುದಕ್ಕೆ ಉತ್ತರ ಸಿಕ್ಕದೆ ಮುಂದುವರಿಯತಕ್ಕದ್ದಲ್ಲ.

ತರಕಾರಿ ಹೂವುಗಳ ಸಾಗಾಟದಲ್ಲಿ ಒಂದು ಅನುಕೂಲವಿದೆ. ಅದನ್ನು ಅನೇಕರು ಗಮನಿಸಿಲ್ಲ. ಚಿಕ್ಕಬಳ್ಳಾಪುರ, ಕೋಲಾರ, ಮಾಲೂರು, ಮಾಗಡಿಗಳ ಕಡೆಯಿಂದ ಬೆಂಗಳೂರಿನ ಮಾರುಕಟ್ಟೆಗಳಿಗೆ ಸರಕು ಹೋಗುವುದು ರಾತ್ರಿಯಲ್ಲಿ. ಗಾಡಿಯು ಬೆಳಗ್ಗೆ ಊರಿಗೆ ಹಿಂತಿರುಗಿ ಹಗಲೆಲ್ಲ ನಿಂತಿರುತ್ತದೆ. ಈಗ ನಮ್ಮ ರಾಜ್ಯದಲ್ಲಿ ವಿದ್ಯುಚ್ಛಕ್ತಿಯು ಹೇರಳವಾಗಿ ಹುಟ್ಟುವುದೂ ಹಗಲಿನಲ್ಲಿಯೇ. ಪಾವಗಡದ ಸೌರ ಉದ್ಯಾನ ಒಂದರಲ್ಲಿಯೇ ೨,೦೫೦ ಮೆಗಾವಾಟ್ ಶಕ್ತಿಯ ಫಲಕಗಳಿವೆ; ಸುಮಾರು ೧೩,೦೦೦ ಎಕರೆ ಒಣಭೂಮಿಯನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟು, ಮೊದಲು ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಗೇಣಿ ಪಡೆದದ್ದು ಎಲ್ಲರಿಗೂ ತಿಳಿದ ಸಂಗತಿ. ಕೇಂದ್ರ ಸರ್ಕಾರವು ೨೦೨೩ರಲ್ಲಿ ತಿದ್ದಿದ ವಿದ್ಯುತ್ ಗ್ರಾಹಕರ ನಿಯಮಗಳಲ್ಲಿ ಬಿಸಿಲಿನ ಹೊತ್ತಿನ ದರವು ಸಾಮಾನ್ಯ ದರಕ್ಕಿಂತ ಕಡಮೆಯಿರಬೇಕೆಂದು ಗೊತ್ತುಪಡಿಸಿದೆ. ಹಗಲು ತುಂಬಿ ರಾತ್ರಿ ಓಡುವ ಗಾಡಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಬೇಕಿಲ್ಲ. ಚಿಕ್ಕ ಗಾಡಿಗೆ ಮನೆಯ ೧೫ ಆಂಪಿಯರಿನ ಒಂದು ಪ್ಲಗ್ಗಿನಲ್ಲಿ ಐದಾರು ಗಂಟೆ ಸಾಕು. ಊರಿನ ಟ್ರಾನ್ಸ್‌ಫಾರ್ಮರಿಗೂ ಅದೊಂದು ಭಾರವಲ್ಲ.

ಆದರೆ ಮಾರುವವರ ಮಾತನ್ನು ಅಕ್ಷರಶಃ ನಂಬಕೂಡದು. ನನ್ನ ಅನುಭವವನ್ನೇ ಹೇಳುತ್ತೇನೆ. ನಮ್ಮ ಸಣ್ಣ ಜಮೀನಿನಲ್ಲಿ ಬೆಳೆದ ಹುರುಳಿಕಾಯಿಯನ್ನು ಮಾರುಕಟ್ಟೆಗೆ ಕಳುಹಿಸುವುದಕ್ಕೆ ಒಮ್ಮೆ ವಿದ್ಯುತ್ತಿನ ಗಾಡಿಯೊಂದನ್ನು ಬಾಡಿಗೆಗೆ ಗೊತ್ತುಮಾಡಿದೆ. ಒಂದು ಸಾರಿ ತುಂಬಿದರೆ ೧೫೦ ಕಿಲೋಮೀಟರ್ ಓಡುವುದೆಂದು ಮಾರಿದವರು ಗಾಡಿಯ ಯಜಮಾನನಿಗೆ ಹೇಳಿದ್ದರು, ಆತ ನನಗೆ ಹೇಳಿದ. ನಮಗೆ ಬೇಕಾಗಿದ್ದದ್ದು ಹೋಗಿಬರುವುದಕ್ಕೆ ೧೧೦ ಮಾತ್ರ. ಆತ ಹಿಂದಿನ ದಿನದ ಓಟ ಮುಗಿಸಿ ಪೂರ್ತಿ ತುಂಬಿಸದೆ ಹೊರಟಿದ್ದನು. ನಾನೂ ಆಸೆಗೆ ಬಿದ್ದು ಹೊರಬೇಕಾದದ್ದಕ್ಕಿಂತ ನಾಲ್ಕು ಚೀಲ ಹೆಚ್ಚಾಗಿ ಹೇರಿಸಿದ್ದೆನು. ದಾರಿಯಲ್ಲಿ ಏರು ಬೇರೆ. ಮಾರುಕಟ್ಟೆಗೆ ಇನ್ನೂ ಎಂಟು ಕಿಲೋಮೀಟರ್ ಇರುವಾಗ ಗಾಡಿ ಮೆಲ್ಲಗಾಗಿ ನಿಂತಿತು. ಬೆಳಗಿನ ಜಾವ ನಾಲ್ಕಕ್ಕೆ ಸೇರಬೇಕಾದ ಮಾಲು ಬೇರೊಂದು ಗಾಡಿಗೆ ಬದಲಾಯಿಸಿ ಎಂಟಕ್ಕೆ ಸೇರಿತು. ಅಷ್ಟು ಹೊತ್ತಿಗೆ ಕೊಳ್ಳುವವರು ಹೊರಟುಹೋಗಿದ್ದರು. ಅಂದು ಕೈಗೆ ಬಂದದ್ದು ಬಿಡಿಸಿದ ಕೂಲಿಗೂ ಎರಡು ಗಾಡಿಗಳ ಬಾಡಿಗೆಗೂ ಸರಿಹೋಯಿತು. ತಪ್ಪಿನಲ್ಲಿ ನನ್ನ ಪಾಲೂ ಇದ್ದದ್ದರಿಂದ ಯಾರನ್ನೂ ದೂರುವಂತಿರಲಿಲ್ಲ. ಅಂದಿನಿಂದ ಕಾಗದದ ಮೇಲೆ ೧೫೦ ಎಂದಿದ್ದರೆ ಹೊರೆ ಹೊತ್ತಾಗ ೧೦೦ ಎಂದೇ ಲೆಕ್ಕ ಹಾಕುತ್ತೇನೆ. ಬ್ಯಾಟರಿಯು ವರ್ಷ ಕಳೆದಂತೆ ಶಕ್ತಿಗುಂದುವುದೂ ಉಂಟು; ಆದುದರಿಂದ ಎಷ್ಟು ವರ್ಷಕ್ಕೆ, ಎಷ್ಟು ಕಿಲೋಮೀಟರಿಗೆ, ಎಷ್ಟು ಶಕ್ತಿ ಉಳಿದಿರಬೇಕೆಂಬ ಭರವಸೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಮೇಲೆ ಹೇಳಿದ ಲಾರಿಗಳ ಯೋಜನೆಯಲ್ಲಿ ಬ್ಯಾಟರಿಗೆ ೫ ವರ್ಷ ಅಥವಾ ೫ ಲಕ್ಷ ಕಿಲೋಮೀಟರಿನ ಭರವಸೆಯನ್ನು ಕಡ್ಡಾಯ ಮಾಡಿರುತ್ತಾರೆ. ಚಿಕ್ಕ ಗಾಡಿಯನ್ನು ಕೊಳ್ಳುವವರೂ ಅದನ್ನು ನೋಡಿಕೊಂಡು ಕೇಳುವುದಕ್ಕೆ ಸಂಕೋಚಪಡಬೇಕಾದ್ದಿಲ್ಲ.

ಮಲೆನಾಡಿನವರಿಗೆ ಒಂದು ಮಾತು. ವಿದ್ಯುತ್ತಿನ ಗಾಡಿಯು ಇಳಿಜಾರಿನಲ್ಲಿ ಇಳಿಯುವಾಗ ಅದರ ಮೋಟಾರೇ ತಡೆಯಾಗಿ ನಿಂತು ಶಕ್ತಿಯನ್ನು ಹಿಂದಕ್ಕೆ ಬ್ಯಾಟರಿಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಸಿಮೆಂಟು ಕಂಪೆನಿಯೊಂದರ ಕಲ್ಲುಗಣಿಯಲ್ಲಿ ಕೆಲಸ ಮಾಡುವ ಭಾರಿ ಗಾಡಿಯೊಂದು ಬರಿದಾಗಿ ಬೆಟ್ಟ ಹತ್ತಿ ೬೫ ಟನ್ ಕಲ್ಲು ತುಂಬಿ ಇಳಿಯುವುದರಿಂದ, ಹತ್ತುವಾಗ ಖರ್ಚಾದದ್ದೆಲ್ಲ ಇಳಿಯುವಾಗ ಹಿಂದಕ್ಕೆ ಬರುತ್ತದೆಂದು ಪ್ರಸಿದ್ಧಿಯಾಗಿದೆ. ಇದನ್ನು ಕೇಳಿದ ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರು ಶಿರಾಡಿಯ ಘಟ್ಟವನ್ನಿಳಿದು ಮಂಗಳೂರಿನ ಬಂದರಿಗೆ ಹೋಗುವ ಲಾರಿಗೂ ಹಾಗೆಯೇ ಆಗಬಹುದೆಂದು ಉತ್ಸಾಹಪಟ್ಟರು. ಆಗಬಹುದಿತ್ತು. ಆದರೆ ಅವರ ಲಾರಿ ಹಿಂತಿರುಗುವಾಗ ಬರಿದಾಗಿ ಬರುವುದಿಲ್ಲ, ರಸಗೊಬ್ಬರವನ್ನು ಹೇರಿಕೊಂಡು ಬರುತ್ತದೆ. ಘಟ್ಟದ ಲಾಭವೆಲ್ಲ ಗೊಬ್ಬರದ ಚೀಲದ ಕೆಳಗೆ ಹೋಗಿಬಿಡುತ್ತದೆ! ಬ್ರೇಕು ಸವೆಯುವುದು ಕಡಮೆಯಾಗುವುದಂತೂ ಖಂಡಿತ.

ಯಜಮಾನರು ಮುಂಚಿತವಾಗಿ ತಡೆಯಬೇಕಾದ ಒಂದು ಕೆಡುಕುಂಟು. ೧೦ ಅಶ್ವಶಕ್ತಿಯ ವರೆಗಿನ ಪಂಪುಸೆಟ್ಟುಗಳಿಗೆ ಸರ್ಕಾರವು ವಿದ್ಯುಚ್ಛಕ್ತಿಯನ್ನು ಉಚಿತವಾಗಿ ಒದಗಿಸುತ್ತಿದೆ. ಆ ತಂತಿಯಿಂದ ಗಾಡಿಗೆ ಶಕ್ತಿ ತುಂಬಿಸಿದರೆ ಖರ್ಚೇ ಇಲ್ಲವಲ್ಲ ಎಂಬ ಯೋಚನೆ ಬುದ್ಧಿವಂತರಿಗೆ ತಕ್ಷಣವೇ ಹೊಳೆಯುತ್ತದೆ. ನನ್ನ ಮುಂದೆಯೇ ಒಬ್ಬರು ಇದನ್ನು ನಗುನಗುತ್ತ ಹೇಳಿದರು. ಇದು ಕಾನೂನಿಗೆ ವಿರುದ್ಧವಾದದ್ದು. ಅದಕ್ಕಿಂತ ಮುಖ್ಯವಾಗಿ, ಉಚಿತ ಶಕ್ತಿಯು ನೀರಿಗಲ್ಲದೆ ಬಾಡಿಗೆಯ ಗಾಡಿಗೆ ಹೋಗುತ್ತಿದೆಯೆಂಬ ಸುದ್ದಿ ಹಬ್ಬಿದರೆ, ಮೀಟರು ಹಾಕಿಸಬೇಕೆನ್ನುವವರ ಬಾಯಿಗೆ ನಾವೇ ಮಾತು ಕೊಟ್ಟಂತಾಗುತ್ತದೆ. ಅದರ ನಷ್ಟ ಗಾಡಿಯಿಲ್ಲದ ಬಡ ಒಕ್ಕಲಿಗೂ ತಟ್ಟುತ್ತದೆ. ಗಾಡಿಗೆ ಬೇರೆ ಮೀಟರನ್ನು ಪಡೆಯುವುದೇ ಸರಿಯಾದ ದಾರಿ. ಗಾಡಿಗಳಿಗೆ ಶಕ್ತಿ ತುಂಬುವ ಠಾಣೆಯನ್ನು ನಡೆಸುವುದಕ್ಕೆ ಪರವಾನಗಿ ಬೇಕಿಲ್ಲವೆಂದು ಕೇಂದ್ರದ ವಿದ್ಯುತ್ ಮಂತ್ರಾಲಯವು ೨೦೧೮ರಲ್ಲಿಯೇ ಸ್ಪಷ್ಟಪಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ಯಾಟರಿಯ ಬಾಡಿಗೆ ವಾಹನಗಳಿಗೆ ಪರ್ಮಿಟ್ಟಿನ ಅಗತ್ಯವನ್ನೂ ತೆಗೆದುಹಾಕಿದರು. ಹಾಲಿನ ಸಂಘದ ಪಕ್ಕದಲ್ಲಿ ಒಂದು ಚಪ್ಪರ, ಬೇರೆ ಮೀಟರು, ನಾಲ್ಕು ಪ್ಲಗ್ಗು: ಇಷ್ಟನ್ನು ಒಂದು ಸಹಕಾರ ಸಂಘವು ಮಾಡಿಕೊಳ್ಳಲಾರದೆ?

ಮಾಡಿಕೊಳ್ಳದಿದ್ದರೆ ಏನಾಗುವುದೆಂಬುದನ್ನೂ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವ ಕಂಪೆನಿಗಳು ನೂರಾರು ವಿದ್ಯುತ್ ಗಾಡಿಗಳನ್ನು ಈಗಾಗಲೇ ಓಡಿಸುತ್ತಿವೆ. ಕಿಲೋಮೀಟರಿಗೆ ನಾಲ್ಕು ರೂಪಾಯಿ ಉಳಿತಾಯವು ಅವರಿಗೂ ಗೊತ್ತು. ನಾಳೆ ಅವರೇ ಹಳ್ಳಿಗೆ ಬಂದು ಹೊಲದ ಬದಿಯಲ್ಲಿ ಮಾಲು ಎತ್ತುವುದಕ್ಕೆ ತೊಡಗಿದರೆ ಸಾಗಾಟವು ಅಗ್ಗವಾಗುವುದು ನಿಜ. ಆ ಅಗ್ಗದ ಲಾಭ ಯಾರ ಕೈಯಲ್ಲಿ ಉಳಿಯುವುದೆಂಬುದೇ ಪ್ರಶ್ನೆ. ಎತ್ತಿನ ಗಾಡಿ ಹೋಗಿ ಲಾರಿ ಬಂದಾಗ ಗಾಡಿ ಹೊಡೆಯುತ್ತಿದ್ದ ಊರಿನವರಿಗೆ ಬರುತ್ತಿದ್ದ ಬಾಡಿಗೆಯು ಪಟ್ಟಣದ ಲಾರಿ ಯಜಮಾನರಿಗೆ ಹೋಯಿತೆಂಬುದನ್ನು ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ. ದೂರದ ಮಂಡಿಗಳ ಬಾಗಿಲಿನಲ್ಲಿಯೂ ಬದಲಾವಣೆ ಕಾಣುತ್ತಿದೆ. ದೆಹಲಿಯ ಹೊಗೆಯನ್ನು ತಡೆಯುವುದಕ್ಕಾಗಿ, ಹೊರಗಿನ ಹಳೆಯ ದರ್ಜೆಯ ಡೀಸೆಲ್ ಸರಕುಲಾರಿಗಳು ೨೦೨೫ರ ನವೆಂಬರ್ ೧ರಿಂದ ಆ ಪಟ್ಟಣವನ್ನು ಪ್ರವೇಶಿಸಕೂಡದೆಂದು ಆಜ್ಞೆಯಾಯಿತು, ಬಿ.ಎಸ್. ೪ ದರ್ಜೆಯವಕ್ಕೆ ೨೦೨೬ರ ಅಕ್ಟೋಬರ್ ೩೧ರ ವರೆಗೆ ಗಡುವು ಕೊಟ್ಟರು. ಮಾಲು ಎಷ್ಟೇ ಚೆನ್ನಾಗಿದ್ದರೂ ಹೊತ್ತ ಗಾಡಿಯ ದೆಸೆಯಿಂದ ಹೆಬ್ಬಾಗಿಲಿನಲ್ಲಿ ನಿಲ್ಲಬೇಕಾಗಿ ಬರಬಹುದೆಂಬುದಕ್ಕೆ ಇದೊಂದು ನಿದರ್ಶನ. ದೂರಕ್ಕೆ ಲಾರಿ ಕಳುಹಿಸುವವರು ಗಾಡಿಯ ದರ್ಜೆಯನ್ನು ಮೊದಲೇ ಕೇಳಿ ತಿಳಿಯತಕ್ಕದ್ದು.

ಡ್ರೈವರುಗಳೂ ಮೆಕ್ಯಾನಿಕ್ಕುಗಳೂ ಏನು ಮಾಡಬೇಕೆಂದು ಕೇಳುವವರುಂಟು. ಓಡಿಸುವವನಿಗೆ ತೊಂದರೆಯಿಲ್ಲ, ಒಂದು ವಾರದಲ್ಲಿ ಕಲಿಯುತ್ತಾನೆ. ಹೋಬಳಿಯ ಊರಿನಲ್ಲಿ ಎಂಜಿನ್ ಬಿಚ್ಚಿ ಕಟ್ಟುವವನಿಗೆ ಕೆಲಸ ಕಡಮೆಯಾಗುತ್ತದೆ. ಅವನ ಮಗನನ್ನು ಐ.ಟಿ.ಐ.ಯಲ್ಲಿ ವಿದ್ಯುತ್ತಿನ ಕೆಲಸಕ್ಕೆ ಸೇರಿಸಬೇಕೆಂದು ನಾನು ಹೇಳಿದ್ದುಂಟು. ಗಾಡಿ ಕೆಟ್ಟರೆ ರಿಪೇರಿ ಮಾಡುವವರು ೩೦ ಕಿಲೋಮೀಟರಿನೊಳಗೆ ಇಲ್ಲದ ಕಡೆ ಗಾಡಿಯನ್ನು ಕೊಳ್ಳಲೇಬಾರದು.

ಈ ವಿಷಯವನ್ನು ಗ್ರಾಮಸಭೆಯ ಮುಂದೆ ಇಡಬೇಕೆಂದಿರುವವರು ನಾಲ್ಕು ಸಂಗತಿಗಳನ್ನು ಬರೆದುಕೊಂಡು ಹೋದರೆ ಮಾತು ಹಾದಿ ತಪ್ಪುವುದಿಲ್ಲ: ಊರಿನ ಟ್ರಾನ್ಸ್‌ಫಾರ್ಮರು ಎಷ್ಟು ಕೆ.ವಿ.ಎ.ಯದು, ಅದರ ಮೇಲೆ ಈಗ ಎಷ್ಟು ಹೊರೆಯಿದೆ; ಊರಿನಿಂದ ದಿನವೂ ಎಷ್ಟು ಗಾಡಿಗಳು ಯಾವ ಮಂಡಿಗೆ ಎಷ್ಟು ತೂಕ ಒಯ್ಯುತ್ತವೆ; ಕಳೆದ ವರ್ಷ ಬಾಡಿಗೆಗೆಂದು ಊರಿನಿಂದ ಒಟ್ಟು ಎಷ್ಟು ಹಣ ಹೊರಗೆ ಹೋಯಿತು; ಹಾಲಿನ ಸಂಘದವರು ಚಪ್ಪರಕ್ಕೆ ಜಾಗ ಕೊಡುವರೋ ಇಲ್ಲವೋ. ಮೂರನೆಯದನ್ನು ಲೆಕ್ಕ ಹಾಕುವುದಕ್ಕೆ ಒಂದು ಸಂಜೆ ಬೇಕಾಗುತ್ತದೆ. ನಮ್ಮ ಊರಿನಲ್ಲಿ ಅದನ್ನು ಕೂಡಿ ನೋಡಿದಾಗ ಲೆಕ್ಕ ತಪ್ಪಿರಬೇಕೆಂದು ಎರಡನೆಯ ಸಾರಿ ಕೂಡಿದೆವು.